ಪರ್ಷಿಯನ್ ತೋಟದಲ್ಲಿ ನಾನು ಮುಚ್ಚಿದ ತೂತುಗಳು

ನನ್ನನ್ನು ಕರೆಸಿದ್ದು ಸೋರಿಕೆ ನಿಲ್ಲಿಸುವುದಕ್ಕೆ. ಹೋಟೆಲಿನ ಯಜಮಾನಿ ಫೋನಿನಲ್ಲಿ ಹೇಳಿದ್ದಿಷ್ಟೇ: "ಕೊಳವೆಬಾವಿಯಿಂದ ದಿನವೂ ನೀರು ಎತ್ತುತ್ತೇವೆ, ತೊಟ್ಟಿ ತುಂಬುತ್ತದೆ, ಕಾಲುವೆಗೆ ಬಿಡುತ್ತೇವೆ. ಕೊಳ ಮಾತ್ರ ತುಂಬುವುದಿಲ್ಲ. ನೀವು ಕಾಲೇಜಿನಲ್ಲಿ ನೀರಿನ ಪಾಠ ಮಾಡುವವರಂತೆ, ಬಂದು ನೋಡಿ." ತೊಂಬತ್ತರ ದಶಕದ ಮೊದಲ ವರ್ಷಗಳವು. ನೈರೋಬಿಯ ನಲ್ಲಿಗಳು ಮನಸ್ಸಿಗೆ ಬಂದಾಗ ಬರುತ್ತಿದ್ದವು, ಬಾರದಿದ್ದಾಗ ಬಕೆಟ್ ಹಿಡಿದು ನಿಲ್ಲುವುದು ನಮಗೆಲ್ಲ ರೂಢಿಯಾಗಿತ್ತು. ಅಂಥ ಕಾಲದಲ್ಲಿ ಸೋರುವ ಕಾಲುವೆ ಎಂದರೆ ನನಗೆ ಸುಮ್ಮನಿರಲು ಆಗುವ ವಿಷಯವಲ್ಲ.

ಹೋಟೆಲು ಕರೆನ್ ಕಡೆ ಹೋಗುವ ದಾರಿಯಲ್ಲಿತ್ತು. ಯಜಮಾನಿಯ ಅಜ್ಜ ಇರಾನಿನ ಯಜ್ದ್ ಎಂಬ ಮರುಭೂಮಿಯ ಊರಿನವರು. ಅಲ್ಲಿ ತೋಟದ ನಡುವಿನ ಒಂದು ಹಳೆಯ ವಸತಿಗೃಹದಲ್ಲಿ ನೀರು ಹಂಚುವ ಕೆಲಸ ಮಾಡುತ್ತಿದ್ದರಂತೆ. ಮುಂಬಯಿ, ಮೊಂಬಾಸಾ ದಾಟಿ ನೈರೋಬಿಗೆ ಬಂದು, ಬೇಕರಿ ಇಟ್ಟು, ಸ್ವಲ್ಪ ನೆಲೆಯಾದ ಮೇಲೆ ಊರಿನ ಆ ವಸತಿಗೃಹವನ್ನೇ ಇಲ್ಲಿ ಮತ್ತೆ ಕಟ್ಟಿಸಿದರು. ನಾಲ್ಕು ಭಾಗ ಮಾಡಿದ ತೋಟ, ನಡುವೆ ಅಡ್ಡ-ಉದ್ದ ಹರಿಯುವ ಕಲ್ಲಿನ ಕಾಲುವೆ, ಎದುರಿಗೆ ಉದ್ದನೆಯ ಕೊಳ, ಕೊಳದ ತಲೆಯಲ್ಲಿ ಎತ್ತರದ ಕಮಾನಿನ ಊಟದ ಹಜಾರ. ಹಜಾರದ ಮೇಲೊಂದು ಗಾಳಿಗೋಪುರವೂ ಇತ್ತು. ಜುಲೈಯಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡುವ ಊರಿನಲ್ಲಿ ತಂಗಾಳಿ ತರುವ ಗೋಪುರ! ಅದರ ಬಾಯಿಗೆ ಹಲಗೆ ಹೊಡೆದು ಎಷ್ಟೋ ಕಾಲವಾಗಿತ್ತು. ಉಳಿದದ್ದೆಲ್ಲ ಅಜ್ಜ ಬಿಟ್ಟುಹೋದ ಹಾಗೆಯೇ ಇತ್ತು.

ಕಾಲುವೆ ತೊಟ್ಟಿಯಿಂದ ಹೊರಟು, ಹಜಾರದ ಮುಂಗೋಡೆಯಿಂದ ಆರು ಅಡಿ ದೂರದಲ್ಲಿ ಅದರ ಉದ್ದಕ್ಕೂ ಹರಿದು ಕೊಳಕ್ಕೆ ಬೀಳುತ್ತಿತ್ತು. ಸೋರಿಕೆ ಅಳೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಮದುವೆಗೆ ಮೊದಲು ಮಂಡ್ಯದ ನಾಲೆಗಳ ಮೇಲೆ ನಾನು ಮಾಡುತ್ತಿದ್ದುದು ಅದೊಂದೇ ಕೆಲಸ. ಕಾಲುವೆಯ ಎರಡು ಕಡೆ ಮಣ್ಣಿನ ಮೂಟೆ ಅಡ್ಡವಿಟ್ಟು, ನಡುವೆ ನೀರು ತುಂಬಿ, ಗೋಡೆಗೆ ಮೊಳೆ ಹೊಡೆದು ಮಟ್ಟ ಗುರುತು ಮಾಡಿದೆ. ಬಿಸಿಲಿಗೆ ಆವಿಯಾಗುವುದನ್ನು ಕಳೆಯಲು ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟೆ. ಮೂರು ದಿನ ಹೀಗೆ ಮಾಡಿದಾಗ ತೋಟದ ಉಳಿದ ಕಾಲುವೆಗಳಲ್ಲಿ ನಷ್ಟ ಅತ್ಯಲ್ಪವೆಂದೂ ಹಜಾರದ ಮುಂದಿನ ಭಾಗದಲ್ಲಿ ಮಾತ್ರ ನೀರು ದಿನಕ್ಕೆ ಅರ್ಧ ಗೇಣು ಇಳಿಯುತ್ತದೆಂದೂ ತಿಳಿಯಿತು.

ಆ ಮೂರು ದಿನವೂ ತೋಟದ ಮಾಲಿ ಸ್ವಲ್ಪ ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಅರವತ್ತು ದಾಟಿದ ಕಂಬಾ ಜನರ ಹಿರಿಯ. ಎಲ್ಲರೂ ಅವನನ್ನು ಮ್ಜೇ ಎನ್ನುತ್ತಿದ್ದರು, ಹಿರಿಯರನ್ನು ಇಲ್ಲಿ ಹಾಗೆಯೇ ಕರೆಯುವುದು. ಅವನು ನನ್ನನ್ನು ಮ್ವಾಲಿಮು, ಎಂದರೆ ಮೇಷ್ಟ್ರಮ್ಮ, ಎನ್ನುತ್ತಿದ್ದ. ನಾನು ಅವನಿಂದ ಬಕೆಟ್ ಕೇಳಿದೆ, ಏಣಿ ಕೇಳಿದೆ, ಮೊಳೆ ಕೇಳಿದೆ. ಅವನು ತಂದುಕೊಟ್ಟ.

ನಾಲ್ಕನೆಯ ಬೆಳಿಗ್ಗೆ ನಾನು ಹೇಳದೆ ಕೇಳದೆ ಬೇಗ ಹೋದೆ. ಮ್ಜೇ ಕಾಲುವೆಯೊಳಗೆ ಮೊಣಕಾಲೂರಿ ಕೂತು, ಹಜಾರದ ಕಡೆಯ ಕಲ್ಲುಸಂದಿಗೆ ಕಬ್ಬಿಣದ ಸರಳು ತೂರಿಸಿ ಹಿಂದೆ ಮುಂದೆ ಆಡಿಸುತ್ತಿದ್ದ. ನೀರು ಗುಳುಗುಳು ಎಂದು ಒಳಗೆ ಹೋಗುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ಏನು ಮಾಡುತ್ತಿದ್ದೀರಿ?" ಎಂದು ನನ್ನ ಅರೆಬರೆ ಸ್ವಾಹಿಲಿಯಲ್ಲಿ ಕೂಗಿದೆ.

ಅವನು ಗಾಬರಿಯಾಗಲಿಲ್ಲ. "ಮನೆಗೆ ನೀರು ಕುಡಿಸುತ್ತಿದ್ದೇನೆ," ಎಂದ.

ನಾನು ನಕ್ಕುಬಿಟ್ಟೆ. ಅದೂ ಜೋರಾಗಿ, ಅಡಿಗೆಮನೆಯ ಇಬ್ಬರು ಬಾಗಿಲಿಗೆ ಬಂದು ನೋಡುವಷ್ಟು. ಸತ್ತ ಹಿರಿಯರಿಗೆ ನೀರು ಬಿಡುವ ಯಾವುದೋ ನಂಬಿಕೆ ಇರಬೇಕು ಎಂದುಕೊಂಡೆ. ಅಮಾವಾಸ್ಯೆಯ ದಿನ ಹೊಸ ಕೆಲಸ ಹಿಡಿಯದ ನಾನು ಅವನ ನಂಬಿಕೆಗೆ ನಕ್ಕೆ. ಅವನು ಸರಳನ್ನು ಒರೆಸಿಕೊಂಡು ಎದ್ದುಹೋದ. ಆಮೇಲೆ ನನ್ನೊಡನೆ ಒಂದು ಮಾತೂ ಆಡಲಿಲ್ಲ.

ವರದಿಯಲ್ಲಿ ನಾನು ಬರೆದ ವಾಕ್ಯ ಈಗಲೂ ಬಾಯಿಪಾಠವಿದೆ. "ನಷ್ಟಕ್ಕೆ ಮುಖ್ಯ ಕಾರಣ ತೋಟದ ಕೆಲಸಗಾರನ ಅಜಾಗರೂಕತೆ, ಮೂಢನಂಬಿಕೆಯಿಂದ ಆತ ಕಲ್ಲುಸಂದಿಗಳನ್ನು ತಾನೇ ಕೆಡಿಸುತ್ತಿದ್ದಾನೆ." ಯಜಮಾನಿ ಓದಿ ಕೆಂಪಾದರು. "ನಮ್ಮಜ್ಜ ಮರುಭೂಮಿಯವರು. ಮುಖ ತೊಳೆದ ನೀರನ್ನು ಗುಲಾಬಿಗೆ ಹಾಕುತ್ತಿದ್ದರು. ಅವರ ತೋಟದಲ್ಲಿ ಇದೇ?" ಎಂದರು. ಆ ಶನಿವಾರ ಕೆಲಸದವರನ್ನೆಲ್ಲ ಕೊಳದ ಮೆಟ್ಟಿಲ ಬಳಿ ಸೇರಿಸಿ, ನನ್ನ ಕಾಗದವನ್ನು ಕೈಯಲ್ಲಿ ಹಿಡಿದು, ಮ್ಜೇಯನ್ನು ಕೆಲಸದಿಂದ ತೆಗೆದರು. ನಾನು ಅಲ್ಲಿರಲಿಲ್ಲ. ದುರಸ್ತಿಗೆ ಗೊತ್ತುಮಾಡಿದ್ದ ಕಂಟ್ರಾಕ್ಟರು ಹೇಳಿ ತಿಳಿಯಿತು. ಪಾಪ ಎನ್ನಿಸಿತು, ಸುಳ್ಳು ಹೇಳುವುದಿಲ್ಲ, ಆದರೆ ನಿದ್ದೆ ಕೆಡುವಷ್ಟೇನೂ ಅಲ್ಲ.

ಆಗಸ್ಟಿನಲ್ಲಿ ದುರಸ್ತಿ ಮುಗಿಸಿದೆವು. ಕಂಟ್ರಾಕ್ಟರು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಅವರ ತಂದೆಯ ಕಾಲದಿಂದ ಇಲ್ಲೇ ಇದ್ದವರು. ಸಂದಿ ಕೆರೆದು, ಸಿಕ್ಕ ತೂತುಗಳಿಗೆಲ್ಲ ಸಿಮೆಂಟು ತುಂಬಿ, ಮೇಲೆ ಎರಡು ಪದರ ಗಾರೆ ಹೊಡೆದು ನುಣ್ಣಗೆ ಮಾಡಿಕೊಟ್ಟರು. ಮತ್ತೆ ಅಳೆದಾಗ ನೀರು ಕೂದಲೆಳೆಯಷ್ಟೂ ಇಳಿಯಲಿಲ್ಲ. ಕೊಳ ಕಟ್ಟೆಯವರೆಗೂ ತುಂಬಿ ಕಮಾನು ಅದರಲ್ಲಿ ತಲೆಕೆಳಗಾಗಿ ಕಂಡಿತು. ಯಜಮಾನಿ ಪಿಸ್ತಾ ಹಾಕಿದ ಮಿಠಾಯಿಯ ಡಬ್ಬಿ ಕೊಟ್ಟು ಕಳಿಸಿದರು. ಅಕ್ಟೋಬರಿನಿಂದ ಸಣ್ಣ ಮಳೆಗಾಲ ಚೆನ್ನಾಗಿಯೇ ಆಯಿತು. ನಾನು ಕಾಲೇಜಿನಲ್ಲಿ ಇದನ್ನೇ ಉದಾಹರಣೆಯಾಗಿ ಪಾಠ ಮಾಡಿದೆ.

ಫೆಬ್ರವರಿಯ ಒಂದು ಮಧ್ಯಾಹ್ನ ಕಂಟ್ರಾಕ್ಟರು ಫೋನ್ ಮಾಡಿದರು.

"ಮೇಡಂ, ಒಮ್ಮೆ ಬಂದು ಹೋಗಿ ಮಾರಾಯ್ರೆ. ಹಜಾರದ ಕಮಾನಲ್ಲಿ ಎಂತದೋ ಗೆರೆ ಕಾಣ್ತಾ ಉಂಟು. ನನ್ನ ಕಣ್ಣಿನ ದೋಷ ಅಂತ ಹೇಳುವಾ ಅಂದ್ರೆ ಬೆರಳಿಗೂ ಸಿಗ್ತದೆ."

ಹೋಗಿ ನೋಡಿದೆ. ಕಮಾನಿನ ಎಡಗಾಲು ಗೋಡೆಗೆ ಕೂರುವ ಕಡೆಯಿಂದ ಒಂದು ಬಿರುಕು ಓರೆಯಾಗಿ ನೆತ್ತಿಯ ಕಡೆ ಹೊರಟಿತ್ತು. ಕೆಳಗೆ ಮೇಜುಗಳ ಮೇಲೆ ತಟ್ಟೆ ಜೋಡಿಸಿದ್ದರು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಕೂರಿಸಿ, ಪ್ರತಿಯೊಂದರ ಮೇಲೂ ತಾರೀಖು ಬರೆದೆವು. ಗೋಡೆ ಅಲುಗಿದರೆ ಗಾಜು ಬಗ್ಗುವುದಿಲ್ಲ, ಒಡೆಯುತ್ತದೆ. ಹನ್ನೆರಡು ಪಟ್ಟಿ ಹಾಕಿದ್ದೆವು. ಮೂರನೆಯ ದಿನಕ್ಕೆ ಐದು ಒಡೆದಿದ್ದವು. ಹಜಾರ ಮುಚ್ಚಿಸಿ, ನೀಲಗಿರಿ ಕಂಬಗಳನ್ನು ಕಮಾನಿನ ಕೆಳಗೆ ಊರೆ ಕೊಟ್ಟು ನಿಲ್ಲಿಸಿದೆವು.

ತಳಪಾಯ ಕೂತಿದೆ ಎಂಬುದು ನಮ್ಮಿಬ್ಬರ ತೀರ್ಮಾನ. ಹಾಗಾದರೆ ಎಡಗಾಲಿನ ಪಕ್ಕ ಗುಂಡಿ ತೆಗೆದು, ತಳಪಾಯದ ಕೆಳಗೆ ಕಾಂಕ್ರೀಟ್ ಹಾಕಿ ಎತ್ತಿ ಹಿಡಿಯಬೇಕು. ಆಳೆತ್ತರದ ಗುಂಡಿ ತೆಗೆಸಿದೆವು. ಎರಡು ದಿನ ಬಿಸಿಲು ಬಡಿಯಿತು. ಮೂರನೆಯ ಬೆಳಿಗ್ಗೆ ಬಂದು ನೋಡಿದರೆ ಬಿರುಕಿನೊಳಗೆ ನನ್ನ ಪೆನ್ನು ಹೋಗುತ್ತಿತ್ತು. ಗಾಜು ಒಂದೂ ಉಳಿದಿರಲಿಲ್ಲ. ಒಂದು ಊರೆಗಂಬ ಸಡಿಲವಾಗಿ ಕೈಯಿಂದ ಅಲುಗಿಸಿದರೆ ಅಲುಗುತ್ತಿತ್ತು.

"ಗುಂಡಿ ತೆಗೆದದ್ದೇ ತಪ್ಪಾಯ್ತಾ ಅಂತ," ಎಂದರು ಕಂಟ್ರಾಕ್ಟರು, ಮೆಲ್ಲಗೆ. ಅವರ ಟೋಪಿ ಕೈಯಲ್ಲಿತ್ತು.

ಯಜಮಾನಿ ಅಷ್ಟರಲ್ಲಿ ಇನ್ನೊಬ್ಬ ಇಂಜಿನಿಯರನ್ನು ಕರೆಸಿದ್ದರು. ಆತ ಒಂದು ಗಂಟೆ ಸುತ್ತಾಡಿ ಹೇಳಿದ್ದು ಸ್ಪಷ್ಟವಾಗಿತ್ತು. ಮಾರ್ಚ್ ಕೊನೆಗೆ ದೊಡ್ಡ ಮಳೆ ಬರುತ್ತದೆ. ಬಿರಿದ ನೆಲಕ್ಕೆ ಒಮ್ಮೆಲೇ ನೀರು ನುಗ್ಗಿದರೆ ಒಂದು ಪಕ್ಕ ಉಬ್ಬುತ್ತದೆ, ಒಂದು ಪಕ್ಕ ಕೂರುತ್ತದೆ, ಕಮಾನು ತಾನಾಗಿಯೇ ಬೀಳುತ್ತದೆ. ಅದಕ್ಕೆ ಮೊದಲು ಹಜಾರವನ್ನು ಬಿಚ್ಚಿ ಇಳಿಸುವುದೇ ಕ್ಷೇಮ. ಯಜಮಾನಿ ಒಪ್ಪಿಕೊಂಡರು. ಮುಂದಿನ ವಾರದ ಸೋಮವಾರ ಎಂದು ನಿಗದಿಯಾಯಿತು. ನನ್ನ ಕಡೆ ತಿರುಗಿ, "ನಮ್ಮಜ್ಜ ಕಟ್ಟಿದ್ದರಲ್ಲಿ ಇದೊಂದೇ ಹಾಗೆಯೇ ಉಳಿದಿತ್ತು," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎಲ್ಲರೂ ಹೋದ ಮೇಲೆ ನಾನು ಏಣಿ ಇಟ್ಟು ಗುಂಡಿಗೆ ಇಳಿದೆ. ನಾವಿರುವ ಕಿಲೆಲೆಶ್ವಾ ಬಡಾವಣೆಯಲ್ಲಿ ಕೆಂಪುಮಣ್ಣು, ಅದು ಮಳೆಗೂ ಬಿಸಿಲಿಗೂ ಜಗ್ಗುವುದಿಲ್ಲ. ಇಲ್ಲಿ ಗುಂಡಿಯ ನಾಲ್ಕು ಗೋಡೆಯೂ ಕಪ್ಪು ಎರೆಮಣ್ಣು. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ ಎಂದು ಮಣ್ಣಿನ ಮೇಷ್ಟ್ರುಗಳು ಮೊದಲ ತಿಂಗಳಲ್ಲೇ ಪಾಠ ಮಾಡುತ್ತಾರೆ. ನಾನು ನೀರಿನ ಮೇಷ್ಟ್ರು. ಕಾಲುವೆಯ ಕಡೆಯ ಗೋಡೆಯಲ್ಲಿ ಮಣ್ಣು ಸೀಳಿತ್ತು. ಆ ಸೀಳಿಗೆ ಕೈ ಹಾಕಿದೆ, ಮೊಣಕೈವರೆಗೆ ಹೋಯಿತು. ಒಳಗೆ ತೇವದ ಸುಳಿವೂ ಇರಲಿಲ್ಲ.

ಮೇಲೆ ಬಂದು ಹಜಾರವನ್ನು ಒಂದು ಸುತ್ತು ಹಾಕಿದೆ. ಹಿಂಭಾಗದಲ್ಲಿ ಅಡಿಗೆಮನೆಯ ಬಚ್ಚಲ ನೀರು ಗೋಡೆಯ ಬುಡದಲ್ಲೇ ಹರಿದು ಹೋಗುತ್ತಿತ್ತು. ಅಲ್ಲಿ ಮಣ್ಣು ಮೆತ್ತಗಿತ್ತು, ಗೋಡೆಯಲ್ಲಿ ಒಂದು ಗೆರೆಯೂ ಇರಲಿಲ್ಲ. ಮತ್ತೆ ಮುಂದೆ ಬಂದು ಕಾಲುವೆಯೊಳಗೆ ಇಳಿದೆ. ನಮ್ಮ ಗಾರೆಯ ಮೇಲೆ ಬೆರಳಾಡಿಸಿದಾಗ, ತುಂಬಿದ ತೂತುಗಳ ಗುರುತು ಸಿಕ್ಕಿತು. ಟೇಪು ಹಿಡಿದು ಅಳೆದೆ. ಎರಡೆರಡು ಅಡಿಗೆ ಒಂದು. ಎಲ್ಲವೂ ಒಂದೇ ಮಟ್ಟದಲ್ಲಿ, ಎಲ್ಲವೂ ಹಜಾರದ ಕಡೆಯ ಗೋಡೆಯಲ್ಲಿ. ಎದುರು ಗೋಡೆಯಲ್ಲಿ ಒಂದೂ ಇಲ್ಲ. ಹತ್ತೊಂಬತ್ತು ಎಣಿಸಿದೆ. ಕೆಟ್ಟುಹೋದ ಗಾರೆ ಇಷ್ಟು ಲೆಕ್ಕ ಹಾಕಿ ಕೆಡುವುದಿಲ್ಲ.

ಆ ತೂತುಗಳನ್ನು ಅಜ್ಜನೇ ಇಡಿಸಿದ್ದು. ಮರುಭೂಮಿಯಿಂದ ಬಂದ ಆ ಮನುಷ್ಯ, ಹನಿ ಹನಿ ಉಳಿಸುತ್ತಿದ್ದವರು, ಈ ಒಂದು ಕಡೆ ಮಾತ್ರ ನೀರು ಸೋರಲಿ ಎಂದು ಕಲ್ಲು ಕೊರೆಸಿದ್ದರು. ಬೇಸಗೆಯಲ್ಲಿ ಹಜಾರದ ಬುಡದ ಮಣ್ಣು ಒಣಗಿ ಕುಗ್ಗದಂತೆ ಅದಕ್ಕೆ ನೀರು ಕುಡಿಸಬೇಕಾಗಿತ್ತು. ಮ್ಜೇ ನನಗೆ ಹೇಳಿದ್ದು ಅಕ್ಷರಶಃ ಅದನ್ನೇ. ನಾನು ಕಾಲುವೆಯೊಳಗೇ ಕೂತುಬಿಟ್ಟೆ. ನನ್ನ ಬಗ್ಗೆ ನನಗೇ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಗಾರೆ ಒಡೆದು ನೀರು ಬಿಡುವುದು ಐದು ನಿಮಿಷದ ಕೆಲಸ. ಆದರೆ ಯಾವ ತೂತು, ಎಷ್ಟು ಹೊತ್ತು, ಯಾವುದಾದ ಮೇಲೆ ಯಾವುದು? ಒಂದು ಕಡೆ ಹೆಚ್ಚು ನೀರು ಹೋದರೆ ಇನ್ನೊಬ್ಬ ಇಂಜಿನಿಯರು ಹೇಳಿದ್ದನ್ನು ನಾನೇ ಮಾಡಿದಂತಾಗುತ್ತಿತ್ತು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಗೊತ್ತಿದ್ದವನು ಒಬ್ಬನೇ.

ಮನೆಯಲ್ಲಿ ನನ್ನವರಿಗೆ ಹೇಳಿದೆ. ಅವರು ಡಾಕ್ಟರು, ರೋಗಿಗಳ ಎದುರು ಅಳೆದು ತೂಗಿ ಮಾತಾಡುವವರು.

"ನಿನ್ನ ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಬಂದಿದೆ, ಗೊತ್ತಲ್ವಾ? ಈಗ ಹೋಗಿ ನಂದೇ ತಪ್ಪು ಅಂತ ರೈಟಿಂಗ್‌ನಲ್ಲಿ ಕೊಟ್ರೆ ಕಾಲೇಜಿನೋರು ಏನಂತಾರೆ? ಆ ಇನ್ನೊಬ್ಬ ಇಂಜಿನಿಯರ್ ಹೇಳ್ದಂಗೆ ಆಗ್ಲಿ ಬಿಡು."

"ಆ ಹಜಾರ ಬಿಚ್ಚಿಬಿಟ್ರೆ, ತಪ್ಪು ಯಾರ್ದು ಅಂತ ಯಾರಿಗೂ ಗೊತ್ತೇ ಆಗಲ್ಲ ರೀ."

"ಅದೇ ಒಳ್ಳೇದಲ್ವಾ?"

"ಅದಕ್ಕೇ ಹೋಗ್ತಿದೀನಿ," ಎಂದೆ. ಮರುದಿನ ಬೆಳಿಗ್ಗೆ ಅವರು ಕಾರಿನ ಕೀ ನನ್ನ ಕಾಫಿ ಲೋಟದ ಪಕ್ಕದಲ್ಲಿಟ್ಟು ತಾವು ಮಟಾಟು ವ್ಯಾನು ಹಿಡಿದು ಆಸ್ಪತ್ರೆಗೆ ಹೋಗಿದ್ದರು.

ಮ್ಜೇಯ ಊರು ಮಚಾಕೋಸ್ ಕಡೆ. ದಾರಿ ಕೇಳಿ ಕೇಳಿ ತಲುಪುವಷ್ಟರಲ್ಲಿ ಹನ್ನೊಂದು ಗಂಟೆ. ಅವನು ಅಂಗಳದಲ್ಲಿ ಗುದ್ದಲಿಗೆ ಹೊಸ ಕಾವು ಕೂರಿಸುತ್ತಿದ್ದ. ತಲೆ ಎತ್ತಲಿಲ್ಲ. ಅವನ ಹೆಂಡತಿ ಸ್ಟೂಲು ತಂದಿಟ್ಟು ಚಹಾ ಕೊಟ್ಟಳು.

"ಮ್ಜೇ, ಕಾಲುವೆಯ ತೂತು ಮುಚ್ಚಿದ್ದು ತಪ್ಪಾಯಿತು," ಎಂದೆ.

"ಗೊತ್ತು."

"ಕಮಾನು ಬಿರುಕು ಬಿಟ್ಟಿದೆ."

"ಜನವರಿಯಲ್ಲೇ ಬಿಟ್ಟಿರಬೇಕು."

"ಫೆಬ್ರವರಿ."

"ನೀನು ನೋಡಿದ್ದು ಫೆಬ್ರವರಿ," ಎಂದ, ಕಾವನ್ನು ನೆಲಕ್ಕೆ ಕುಟ್ಟಿ. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದ. "ನಾನು ನಿನಗೆ ಹೇಳಿದೆ. ನೀನು ನಕ್ಕೆ. ಅಡಿಗೆಯವರ ಎದುರು ನಕ್ಕೆ. ನಕ್ಕವರಿಗೆ ನಾನು ಎರಡನೇ ಸಲ ಹೇಳುವವನಲ್ಲ."

ನಾನು ಪೋಲೆ ಎಂದೆ. ಸ್ವಾಹಿಲಿಯಲ್ಲಿ ಕಾಲು ತುಳಿದರೂ ಅದೇ ಮಾತು, ಸಾವಿನ ಮನೆಗೆ ಹೋದರೂ ಅದೇ ಮಾತು. ನನಗೆ ಬರುತ್ತಿದ್ದುದು ಅಷ್ಟೇ. ಕಣ್ಣಲ್ಲಿ ನೀರು ಬಂತು. ಅವನಿಗೆ ಅದರಿಂದ ಮುಜುಗರವಾಯಿತು, ಸಿಟ್ಟು ಇಳಿಯಲಿಲ್ಲ.

"ಸೋಮವಾರ ಹಜಾರ ಬಿಚ್ಚುತ್ತಾರೆ. ನೀವು ಬಂದು ನೀರು ಬಿಟ್ಟರೆ ಉಳಿಯಬಹುದು," ಎಂದೆ.

"ಆ ಗೇಟಿನಿಂದ ನಾನು ಹೇಗೆ ಬರಲಿ? ಇಪ್ಪತ್ತು ಜನರ ಎದುರು ಕಾಗದ ತೋರಿಸಿ ಕಳಿಸಿದರು. ಕಾಗದದಲ್ಲಿ ಏನಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಇಂಗ್ಲಿಷಿನಲ್ಲಿತ್ತು. ಜನ ಏನೇನೋ ಹೇಳಿದರು, ಕದ್ದ ಎಂದೂ ಹೇಳಿದರು." ಅವನು ಗುದ್ದಲಿಯನ್ನು ಬದಿಗಿಟ್ಟ. "ಎಲ್ಲರ ಎದುರು ಆದದ್ದು ಎಲ್ಲರ ಎದುರೇ ಸರಿಯಾಗಬೇಕು. ನಮ್ಮಲ್ಲಿ ಹಾಗೆಯೇ. ಅದೇ ಮೆಟ್ಟಿಲ ಮೇಲೆ, ಅದೇ ಜನರ ಮುಂದೆ, ಆ ಕಾಗದವನ್ನು ನನಗೆ ಅರ್ಥವಾಗುವ ಭಾಷೆಯಲ್ಲಿ ಓದು. ಬರೆದವಳು ನೀನು, ನೀನೇ ಓದಬೇಕು. ಆಮೇಲೆ ಅದು ಸುಳ್ಳು ಎಂದು ಹೇಳು. ಆಮೇಲೆ ನೀರಿನ ಮಾತು."

ಯಜಮಾನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ತೂತುಗಳನ್ನು ತೋರಿಸಿದೆ, ಟೇಪು ಹಿಡಿದು ತೋರಿಸಿದೆ, ಎರಡನೆಯ ವರದಿಯನ್ನು ಕೈಗೆ ಕೊಟ್ಟೆ. ಅದರಲ್ಲಿ ಮೊದಲನೆಯದು ಪೂರ್ತಿ ತಪ್ಪೆಂದೂ ಹಜಾರದ ಬಿರುಕಿಗೆ ನನ್ನ ದುರಸ್ತಿಯೇ ಕಾರಣವೆಂದೂ ಬರೆದು ಸಹಿ ಹಾಕಿದ್ದೆ. ಅವರು ಎರಡು ಸಲ ಓದಿದರು. "ನಾನೂ ಅವನನ್ನು ಒಂದು ಮಾತು ಕೇಳಲಿಲ್ಲ," ಎಂದರು. ಬಿಚ್ಚುವ ಕೆಲಸವನ್ನು ಮಳೆ ಹತ್ತಿರವಾಗುವವರೆಗೆ ಮುಂದೂಡಿದರು. ಅಷ್ಟರೊಳಗೆ ಬಿರುಕು ಕಡಿಮೆಯಾಗದಿದ್ದರೆ ಮಳೆಗೆ ಮೊದಲೇ ಇಳಿಸುವುದು ಎಂದರು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಮೆಟ್ಟಿಲ ಬಳಿ ಸೇರಿದರು. ಅಡಿಗೆಯವರು, ಬಡಿಸುವವರು, ಕೋಣೆ ಗುಡಿಸುವವರು, ಗೇಟಿನವನು. ಮ್ಜೇ ಕೋಟು ಹಾಕಿಕೊಂಡು ಬಂದಿದ್ದ. ನಮ್ಮ ಕಾಲೇಜಿನ ಗ್ರಂಥಾಲಯದವರು ನನ್ನ ವಾಕ್ಯಗಳನ್ನು ಸ್ವಾಹಿಲಿಗೆ ಮಾಡಿಕೊಟ್ಟಿದ್ದರು. ಅಜಾಗರೂಕತೆ ಎನ್ನುವುದಕ್ಕೆ ಅವರು ಬರೆದುಕೊಟ್ಟ ಪದ 'ಉಜೆಂಬೆ'. ಅದನ್ನು ಓದಿದ ಕೂಡಲೇ ಜನರ ನಡುವೆ ಒಂದು ಗುಜುಗುಜು ಎದ್ದಿತು. ಇಂಗ್ಲಿಷಿನಲ್ಲಿ ಅದು ನನಗೆ ಬರೀ ವರದಿಯ ಪದವಾಗಿತ್ತು. ಇಲ್ಲಿ, ಅವನ ಮುಖ ನೋಡುತ್ತ ಉಚ್ಚರಿಸುವಾಗ ಅದು ಸೋಮಾರಿ ಎಂಬ ಬೈಗುಳವಾಗಿತ್ತು. ಮೂಢನಂಬಿಕೆಯ ಸಾಲಿಗೆ ಬಂದಾಗ ನಿಂತುಬಿಟ್ಟೆ.

"ಓದು," ಎಂದ ಮ್ಜೇ.

ಓದಿದೆ. ಆಮೇಲೆ ಎರಡನೆಯ ಕಾಗದ ತೆಗೆದೆ. ಈ ಮನುಷ್ಯ ಮೂವತ್ತು ವರ್ಷ ಈ ಹಜಾರವನ್ನು ನಿಲ್ಲಿಸಿಕೊಂಡು ಬಂದಿದ್ದಾನೆ, ಅವನು ಸರಿ, ನಾನು ತಪ್ಪು, ಎಂದು ಓದಿದೆ.

"ಮೂವತ್ತನಾಲ್ಕು," ಎಂದ ಅವನು.

ಪೆನ್ನು ತೆಗೆದು ತಿದ್ದಿದೆ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಮ್ಜೇ ನಗಲಿಲ್ಲ. ಕೋಟು ಬಿಚ್ಚಿ ಗೇಟಿನವನ ಕೈಗೆ ಕೊಟ್ಟು, "ಗುಂಡಿ ತೆಗೆದ ಬುದ್ಧಿವಂತ ಯಾರು?" ಎಂದು ಕೇಳಿದ. ಕಂಟ್ರಾಕ್ಟರು ನನ್ನ ಕಡೆ ನೋಡಿದರು, ನಾನು ಅವರ ಕಡೆ.

ಮೊದಲು ಗುಂಡಿ ಮುಚ್ಚಿಸಿದ. ಅದೇ ಮಣ್ಣನ್ನು ಸ್ವಲ್ಪ ನೀರು ಚಿಮುಕಿಸಿ, ಗೇಣು ಗೇಣು ತುಂಬಿ, ಪದರ ಪದರವಾಗಿ ದಿಮ್ಮಿಯಿಂದ ಬಡಿಸಿದ. ನೆಲದ ಸೀಳುಗಳಿಗೆ ಒಣ ಎರೆಮಣ್ಣನ್ನು ಜರಡಿ ಹಿಡಿದು ಸುರಿಸಿದ. ಇಲ್ಲದಿದ್ದರೆ ನೀರು ಸೀಳಿನಲ್ಲಿ ನೇರ ಕೆಳಗಿಳಿದು ಒಂದೇ ಕಡೆ ಕೆಸರು ಮಾಡುತ್ತದೆ ಎಂದ. ಇದಕ್ಕೇ ಎರಡು ದಿನ ಹಿಡಿಯಿತು. ನಾನು ಮಳೆ ಬಂದೀತೆಂದು ಚಡಪಡಿಸುತ್ತಿದ್ದೆ. ಗೊಂಗ್ ಬೆಟ್ಟಗಳ ಕಡೆ ಮಧ್ಯಾಹ್ನವಾದರೆ ಮೋಡ ಕಟ್ಟುತ್ತಿತ್ತು.

ಆಮೇಲೆ ತೂತುಗಳು. ನಾನಾಗಿದ್ದರೆ ಮೊದಲು ಬಿರುಕಿನ ಎದುರಿನವನ್ನು ತೆರೆಯುತ್ತಿದ್ದೆ. ಅವನು ಬಿರುಕಿಲ್ಲದ ಬಲ ತುದಿಯಿಂದ ಶುರುಮಾಡಿದ. ಮೂರು ತೂತು ತೆರೆದು ಎರಡು ದಿನ, ಒಂದು ದಿನ ಬಿಡುವು, ಆಮೇಲೆ ಮುಂದಿನ ಮೂರು. ಹಿಂದಿನವಕ್ಕೆ ಮರದ ಬಿರಡೆ ಹೊಡೆಯುವುದು. ಪ್ರತಿ ಬೆಳಿಗ್ಗೆ ಗೋಡೆಯ ಬುಡದಲ್ಲಿ ಸರಳು ಚುಚ್ಚಿ, ಎಳೆದು, ತುದಿಯಲ್ಲಿ ಅಂಟಿದ ಮಣ್ಣನ್ನು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದ. ಉಂಡೆ ಬಿರಿದರೆ ನೀರು ಬೇಕು, ಬೆರಳಿಗೆ ಅಂಟಿದರೆ ಸಾಕು. ನಾನು ಅದೇ ಉಂಡೆಗಳನ್ನು ಕಾಲೇಜಿಗೆ ಒಯ್ದು ಒಲೆಯಲ್ಲಿಟ್ಟು ಒಣಗಿಸಿ, ತೂಗಿ ತೇವ ಅಳೆದು, ಅಂಕಿ ಬರೆದುಕೊಂಡೆ. ಅವನ ಬೆರಳು ಒಂದು ಸಲವೂ ತಪ್ಪಲಿಲ್ಲವೆಂದೇನಲ್ಲ, ಒಮ್ಮೆ ತಪ್ಪಿತು. ಅಂಕಿ ತೋರಿಸಿದಾಗ ಒಪ್ಪಿಕೊಳ್ಳದೆ, ಅರ್ಧ ಗಂಟೆ ಬಿಟ್ಟು ಆ ತೂತನ್ನು ಮತ್ತೆ ತೆರೆದ. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ತಾನಿಲ್ಲದಾಗ ಗುಲಾಬಿಯನ್ನು ಕತ್ತರಿಸಿದವನು ಮನುಷ್ಯನೋ ಮೇಕೆಯೋ ಎಂದು ದಿನವೂ ಕೇಳುತ್ತಿದ್ದ.

ಹೊಸ ಗಾಜು ಹಾಕಿದ್ದೆವು. ಹನ್ನೊಂದು ದಿನ ಒಂದೂ ಒಡೆಯಲಿಲ್ಲ. ಹನ್ನೆರಡನೆಯ ದಿನ ಮಧ್ಯಾಹ್ನ, ಬಿರುಕಿನ ಎದುರಿನ ತೂತುಗಳಿಗೆ ನೀರು ಬಿಟ್ಟ ಮರುದಿನ, ನಾವೆಲ್ಲ ಮೆಟ್ಟಿಲ ಮೇಲೆ ಕೂತಿದ್ದಾಗ ಒಳಗಿನಿಂದ 'ಟಿಕ್' ಎಂದಿತು. ಆಮೇಲೆ ಇನ್ನೊಂದು.

"ಎಲ್ಲ ಹೊರಗೆ ಬನ್ನಿ, ಹೊರಗೆ ಬನ್ನಿ!" ಎಂದು ಕಂಟ್ರಾಕ್ಟರು ಕೂಗಿದರು. ಒಳಗಿದ್ದ ಇಬ್ಬರು ಗಾರೆಯವರು ಓಡಿ ಬಂದರು. ಮುಗಿಯಿತು, ನಾನೇ ಬೀಳಿಸಿದೆ ಎಂದುಕೊಂಡೆ. ಐದು ನಿಮಿಷ ಕಾದು, ಯಾರ ಮಾತನ್ನೂ ಕೇಳದೆ ಏಣಿ ಹತ್ತಿ ಅಳತೆ ಹಿಡಿದೆ. ಎರಡು ಸಲ ಹಿಡಿದೆ. ಪೆನ್ನು ಹೋಗುತ್ತಿದ್ದ ಬಿರುಕಿನಲ್ಲಿ ಈಗ ರಟ್ಟಿನ ತುಂಡೂ ಹೋಗುತ್ತಿರಲಿಲ್ಲ. ಗಾಜು ಒಡೆದದ್ದು ಬಿರುಕು ಕೂಡಿಕೊಳ್ಳುವಾಗ ಎರಡು ಕಡೆಯಿಂದ ಅದುಮಿ. ಏಣಿಯ ಮೇಲೆ ನಿಂತೇ ಅಳು ಬಂತು. "ಎಂತ ಮೇಡಂ, ಎಂತ?" ಎಂದು ಕೆಳಗಿನಿಂದ ಕಂಟ್ರಾಕ್ಟರು ಕೇಳುತ್ತಲೇ ಇದ್ದರು.

ಹತ್ತೊಂಬತ್ತನೆಯ ದಿನ ಮಳೆ ಬಂತು. ಮಧ್ಯಾಹ್ನ ಎರಡರ ಹೊತ್ತಿಗೆ ಗಾಳಿ ತಿರುಗಿದ್ದನ್ನು ನೋಡಿ ಮ್ಜೇ ಹತ್ತೊಂಬತ್ತು ತೂತಿಗೂ ಬಿರಡೆ ಹೊಡೆದು ಮುಗಿಸಿದ್ದ. ಊರೆಗಂಬಗಳನ್ನು ಹಿಂದಿನ ದಿನವಷ್ಟೇ ತೆಗೆದಿದ್ದೆವು. ದೊಡ್ಡ ಹನಿಗಳು ಕೊಳದ ಮೇಲೆ ಬಿದ್ದ ಕೂಡಲೇ ಎಲ್ಲರೂ ಹಜಾರದಿಂದ ದೂರ, ಎದುರಿನ ಜಗಲಿಗೆ ಓಡಿದರು. ಇನ್ನೊಬ್ಬ ಇಂಜಿನಿಯರು ಹಿಂದಿನ ದಿನವೇ ಬಂದು ನೋಡಿ, ಮೊದಲ ಮಳೆ ತಡೆದರೆ ಹಜಾರ ಉಳಿಸಲು ತನ್ನ ಅಭ್ಯಂತರವಿಲ್ಲ ಎಂದು ಹೇಳಿ ಹೋಗಿದ್ದರು. ಯಜಮಾನಿ ಕೊಡೆ ಹಿಡಿದು ನನ್ನ ಪಕ್ಕ ಬಂದು ನಿಂತರು.

"ತಡೆಯುತ್ತದೆಯೇ? ನಿಜ ಹೇಳಿ," ಎಂದರು.

ನನ್ನ ಹತ್ತಿರ ತೇವದ ಅಂಕಿಗಳಿದ್ದವು, ಬಿರುಕಿನ ಅಳತೆಗಳಿದ್ದವು. ಮೊದಲ ಸಲವೂ ನನ್ನ ಹತ್ತಿರ ಅಂಕಿಗಳಿದ್ದವು. ಮಳೆಯಲ್ಲೇ ಕೊಳ ಬಳಸಿ ಓಡಿ, ಒಂದು ಕುರ್ಚಿ ಎಳೆದುಕೊಂಡು ಕಮಾನಿನ ನೆತ್ತಿಯ ಕಲ್ಲಿನ ನೇರ ಕೆಳಗೆ ಕೂತೆ. ಕಂಟ್ರಾಕ್ಟರು ಆ ಕಡೆಯಿಂದ ಏನೋ ಕೂಗಿದರು, ಮಳೆಯ ಸದ್ದಿಗೆ ಕೇಳಿಸಲಿಲ್ಲ. ಮೇಲೆ ನೋಡುವ ಧೈರ್ಯ ಬರಲಿಲ್ಲ.

ಮ್ಜೇ ಮಾತ್ರ ಜಗಲಿಗೆ ಹೋಗದೆ ಹಜಾರದ ಹೊರಗೆ, ಸೂರಿನ ಅಂಚಿನಲ್ಲಿ ನಿಂತು ನಶ್ಯ ಏರಿಸುತ್ತಿದ್ದ. "ನೀವೂ ಬನ್ನಿ ಮ್ಜೇ, ಕೂತುಕೊಳ್ಳಿ," ಎಂದೆ.

"ನಾನು ಯಾಕೆ ಕೂರಬೇಕು?" ಎಂದ. "ನನಗೆ ಗೊತ್ತು. ಕೂರಬೇಕಾದವಳು ನೀನು."

ಮಳೆ ನಿಲ್ಲುವವರೆಗೂ ಕೂತಿದ್ದೆ.